ಈಡಿನ ಸದ್ದಿಗೆ ಎಂಥ ತಡೆ: ಗುರಿ ಅಭ್ಯಾಸಕ್ಕೆ ಇಯರ್ ಪ್ಲಗ್, ಇಯರ್ ಮಫ್ ಆರಿಸುವ ಬಗೆ

ದಸರೆಗೆ ಮುಂಚಿನ ವಾರಗಳಲ್ಲಿ ಮೈಸೂರಿನಲ್ಲಿ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ಕೊಡುತ್ತಾರೆ. ಜಂಬೂಸವಾರಿಯ ದಿನ ಅಂಬಾರಿಯ ಚಾಮುಂಡೇಶ್ವರಿಗೆ ಪುಷ್ಪಾರ್ಚನೆಯಾಗುವ ಹೊತ್ತಿಗೆ 21 ಸುತ್ತು ಕುಶಾಲತೋಪು ಹಾರುತ್ತದೆ. ಆಗ ಪ್ರಾಣಿಗಳು ಬೆದರಬಾರದೆಂಬುದು ಈ ತಾಲೀಮಿನ ಉದ್ದೇಶ. ಮೊದಲ ದಿನ ಬೆಚ್ಚಿ ಹಿಂದೆ ಸರಿದ ಆನೆ ಮೂರನೆಯ ತಾಲೀಮಿನ ಹೊತ್ತಿಗೆ ಅಷ್ಟಾಗಿ ಅಲುಗದೆ ನಿಲ್ಲುವುದನ್ನು ನೋಡುತ್ತ ಬೆಳೆದ ನಮ್ಮ ಕಡೆಯವರಲ್ಲಿ, ಈಡಿನ ಸದ್ದು ಯಾರಿಗಾದರೂ ಅಭ್ಯಾಸವಾಗಿಬಿಡುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಅಭ್ಯಾಸವಾಗುವುದು ಬೆದರುವ ಮನಸ್ಸಿಗೆ. ಒಳಗಿವಿಗೆ ಅಂಥ ಅಭ್ಯಾಸವೆಂಬುದೇ ಇಲ್ಲ, ಮತ್ತು ನೂರನೆಯ ಈಡು ಅದಕ್ಕೆ ಮೊದಲನೆಯದರಷ್ಟೇ ಕಠಿಣವಾಗಿರುತ್ತದೆ.

ನಾನು ಮೊದಲ ಸಲ ಗುರಿ ಅಭ್ಯಾಸಕ್ಕೆ ಹೋದಾಗ ಜೊತೆಗಿದ್ದ ಹಿರಿಯರೊಬ್ಬರು ಜೇಬಿನಿಂದ ಹತ್ತಿಯ ಉಂಡೆ ತೆಗೆದು, ಚಿಕ್ಕದಾಗಿ ಹರಿದು, ‘ಕಿವಿಗೆ ಇಟ್ಕೊಳಪ್ಪ, ಸಾಕು’ ಎಂದಿದ್ದರು. ಆ ದಿನ ಸಂಜೆ ಮನೆಗೆ ಬಂದಾಗ ಎಡಗಿವಿ ಗುಂಯ್ ಎನ್ನುತ್ತಿತ್ತು, ಟಿ.ವಿ.ಯ ದನಿ ಬೇರೆ ಕೋಣೆಯಿಂದ ಬರುತ್ತಿರುವಂತೆ ಕೇಳುತ್ತಿತ್ತು, ಮರುದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿಹೋದ ಹಾಗಾಯಿತು. ಹತ್ತಿಯ ನಾರುಗಳ ನಡುವೆ ಗಾಳಿ ಸರಾಗವಾಗಿ ಓಡಾಡುತ್ತದೆ. ಗಾಳಿ ಹೋಗುವ ಕಡೆ ಸದ್ದೂ ಹೋಗುತ್ತದೆ. ಆದ್ದರಿಂದ ಕಿವಿಗೆ ಹತ್ತಿ ಇಡುವುದರಿಂದ ಆಗುವ ಲಾಭ ಕೆಲವೇ ಡೆಸಿಬೆಲ್‌ಗಳದ್ದು. ಎನ್‌ಸಿಸಿ ಶಿಬಿರದಲ್ಲಿ ಸಣ್ಣ ಗುಂಡಿನ .22 ರೈಫಲ್ ಹಿಡಿಯುವ ಕೆಡೆಟ್‌ಗಳು, ನಾಗರಿಕ ಬಂದೂಕು ತರಬೇತಿಗೆ ಸೇರುವವರು, ಬೆಳೆ ಕಾಯಲು ಲೈಸೆನ್ಸ್ ಪಡೆದು ಒಂಟಿನಳಿಗೆ, ಜೋಡುನಳಿಗೆ ಕೋವಿ ಇಟ್ಟುಕೊಂಡ ರೈತರು, ಶೂಟಿಂಗ್ ಕಲಿಯುತ್ತಿರುವ ಶಾಲಾ ಮಕ್ಕಳ ಪೋಷಕರು, ಹೀಗೆ ಮೈಸೂರು ಮಂಡ್ಯ ಜಿಲ್ಲೆಗಳಲ್ಲಿ ಈ ವಿಷಯ ಬೇಕಾದವರು ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಇವರಲ್ಲಿ ಹಲವರು ಕೋವಿಯ ಬಗ್ಗೆ ವಾರಗಟ್ಟಲೆ ವಿಚಾರಿಸಿ, ಕಿವಿಯ ತಡೆಯನ್ನು, ಅಂದರೆ ಕಿವಿಯ ನಾಳದೊಳಗೆ ತೂರಿಸುವ ಇಯರ್ ಪ್ಲಗ್ಗನ್ನೋ ಮೆತ್ತೆಯಿರುವ ಬಟ್ಟಲುಗಳಿಂದ ಇಡೀ ಕಿವಿಯನ್ನು ಮುಚ್ಚುವ ಇಯರ್ ಮಫ್ ಅನ್ನೋ, ಮಾತ್ರ ಕೊನೆಯ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಕೊಂಡು ಮುಗಿಸುತ್ತಾರೆ.

ಸದ್ದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆಂಬುದು ಎಲ್ಲರಿಗೂ ಗೊತ್ತಿದ್ದರೂ, ಆ ಅಳತೆ ನಮ್ಮ ಮೊಳ, ಮಾರುಗಳಂತೆ ಒಂದೇ ಸಮನೆ ಏರುವುದಿಲ್ಲವೆಂಬುದು ಮರೆತುಹೋಗುತ್ತದೆ. ಡೆಸಿಬೆಲ್ ಮಾಪನದಲ್ಲಿ 20 ಹೆಚ್ಚಾದರೆ ಗಾಳಿಯ ಒತ್ತಡದ ಅಲೆ ಹತ್ತು ಪಟ್ಟಾಗುತ್ತದೆ. 140 ಡೆಸಿಬೆಲ್ ಎಂದರೆ 200 ಪಾಸ್ಕಲ್ ಒತ್ತಡ, 160 ಎಂದರೆ 2000 ಪಾಸ್ಕಲ್. ನಮ್ಮ ಸುತ್ತಲಿನ ಗಾಳಿಯ ಒಟ್ಟು ಒತ್ತಡ ಸುಮಾರು ಒಂದು ಲಕ್ಷ ಪಾಸ್ಕಲ್ ಎಂಬುದನ್ನು ನೆನೆದರೆ, ದೊಡ್ಡ ರೈಫಲ್ಲಿನ ಒಂದು ಈಡು ಅದರ ನೂರರಲ್ಲಿ ಎರಡು ಭಾಗದಷ್ಟನ್ನು ಕಣ್ಣೆವೆ ಬಡಿಯುವುದರೊಳಗೆ ಕಿವಿಯ ಮೇಲೆ ಎಸೆಯುತ್ತದೆ ಎಂದಾಯಿತು. ಅತಿ ಮೆಲ್ಲಗಿನ ಪಿಸುಮಾತನ್ನೂ ಹಿಡಿಯಬಲ್ಲ ಅಂಗಕ್ಕೆ ಇದು ಬಹಳ ದೊಡ್ಡ ಪೆಟ್ಟು.

ಕಾರ್ಖಾನೆಯ ಸದ್ದನ್ನೂ ಈಡಿನ ಸದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದು ಇನ್ನೊಂದು ಸಂಗತಿ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಯಂತ್ರದ ಬಳಿ ನಿಲ್ಲುವವರಿಗೆ ಅಪಾಯವೆಷ್ಟು ಎಂಬುದು ಸದ್ದಿನ ಮಟ್ಟ ಮತ್ತು ನಿಂತ ಹೊತ್ತು ಎರಡನ್ನೂ ಅವಲಂಬಿಸಿದೆ. ನಮ್ಮ ದೇಶದ ಕಾರ್ಖಾನೆ ನಿಯಮಗಳ ಮಿತಿ ದಿನಕ್ಕೆ ಎಂಟು ಗಂಟೆಗೆ 90 ಡೆಸಿಬೆಲ್. ಈಡಿನ ಸದ್ದು ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ, ಹೀಗಾಗಿ ಅಲ್ಲಿ ನೋಡಬೇಕಾದದ್ದು ಅಲೆ ಮುಟ್ಟುವ ತುತ್ತತುದಿಯನ್ನು. ಆ ತುದಿ 140 ಡೆಸಿಬೆಲ್ ದಾಟಬಾರದೆಂದು ನಮ್ಮ ಕಾರ್ಖಾನೆ ನಿಯಮಗಳೂ ಅಮೆರಿಕದ ನಿಯಮಗಳೂ ಹೇಳುತ್ತವೆ. ಮಕ್ಕಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಗಡಿ ಇನ್ನೂ ಕೆಳಗಿದೆ, 120. ದೀಪಾವಳಿಯ ಪಟಾಕಿಗಳಿಗೆ 1999ರಲ್ಲಿ ಪರಿಸರ ಸಂರಕ್ಷಣಾ ನಿಯಮಗಳಡಿ ಗೊತ್ತುಮಾಡಿದ ಮಿತಿ, ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 145 ಡೆಸಿಬೆಲ್. ಪಟಾಕಿ ಹಚ್ಚಿದವನು ಓಡಿಹೋಗಬಹುದು. ಪಿಸ್ತೂಲು ಹಿಡಿದವನ ಕಿವಿಯಾದರೋ ನಳಿಗೆಯ ಬಾಯಿಂದ ಒಂದು ತೋಳಳತೆಯ ದೂರದಲ್ಲಿ ನಿಂತೇ ಇರಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೊಬೈಲಿನ ಆ್ಯಪ್ ತೆರೆದು ಈಡಿನ ಸದ್ದನ್ನು ಅಳೆದು, ‘ನೋಡಿ, ನೂರ ಹತ್ತು ಅಷ್ಟೇ ಇದೆ’ ಎಂದು ತೋರಿಸುವವರನ್ನು ನೀವೂ ಕಂಡಿರಬಹುದು. ಮಾತನ್ನು ಹಿಡಿಯಲೆಂದು ಮಾಡಿದ ಮೊಬೈಲಿನ ಮೈಕಿಗೆ ಅಷ್ಟು ದೊಡ್ಡ ಒತ್ತಡವನ್ನು ಅಳೆಯುವ ಶಕ್ತಿಯಿಲ್ಲ. ಅದು ತನ್ನ ಮಿತಿ ಮುಟ್ಟಿದ ಕಡೆ ನಿಂತುಬಿಡುತ್ತದೆ. ನಮ್ಮ ಕಿವಿಯ ಅಂದಾಜೂ ಇಲ್ಲಿ ನಂಬಲರ್ಹವಲ್ಲ, ಏಕೆಂದರೆ ತೀರ ಕ್ಷಣಿಕವಾದ ಸದ್ದು ಅದರಲ್ಲಿರುವ ಒತ್ತಡಕ್ಕಿಂತ ಬಹಳ ಸಣ್ಣದಾಗಿ ಕೇಳಿಸುತ್ತದೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುರುಳಿಯಾಗಿರುವ, ಕಾಕ್ಲಿಯ ಎಂಬ ಭಾಗವಿದೆ. ಅದರ ಉದ್ದಕ್ಕೂ ಸಾಲುಸಾಲಾಗಿ ಹದಿನೈದು ಸಾವಿರದಷ್ಟು ರೋಮಕೋಶಗಳು ನಿಂತಿರುತ್ತವೆ; ಕಿವಿತಮಟೆಯ ಅದುರಾಟ ದ್ರವದ ಅಲೆಯಾಗಿ ಒಳಬಂದಾಗ ಇವು ಬಾಗಿ, ಆ ಬಾಗುವಿಕೆಯೇ ನರದ ಸಂಕೇತವಾಗಿ ಮಿದುಳಿಗೆ ಹೋಗುತ್ತದೆ. ಜೋರು ಮಳೆಗೆ ಮಲಗಿದ ಭತ್ತದ ಪೈರು ಬಿಸಿಲು ಬಂದ ಮೇಲೆ ಮತ್ತೆ ಎದ್ದು ನಿಲ್ಲುವುದುಂಟು. ಬುಡದಲ್ಲೇ ಮುರಿದದ್ದು ಏಳುವುದಿಲ್ಲ. ಈಡಿನ ನಂತರ ಕಿವಿ ಮಂದವಾಗಿ ಮರುದಿನ ಸರಿಹೋಗುವುದು ಪೈರು ಎದ್ದು ನಿಂತ ಲೆಕ್ಕ, ಆದರೆ ಆ ಸಲ ಎಷ್ಟು ಬುಡ ಮುರಿದಿವೆ ಎಂಬುದು ನಮಗೆ ತಿಳಿಯುವುದಿಲ್ಲ. ಕಿವಿತಮಟೆಗೆ ತೂತು ಬಿದ್ದರೆ ಎಷ್ಟೋ ಸಲ ತಾನಾಗಿ ಕೂಡಿಕೊಳ್ಳುತ್ತದೆ; ಮನುಷ್ಯನ ರೋಮಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಜೋರು ಸದ್ದಿಗೆ ನಡುಗಿವಿಯ ಪುಟ್ಟ ಸ್ನಾಯುಗಳು ಬಿಗಿದುಕೊಂಡು ಒಳಗಿವಿಯನ್ನು ಸ್ವಲ್ಪ ಕಾಯುತ್ತವೆ ನಿಜ. ಆದರೆ ಅವು ಬಿಗಿಯಲು ತೆಗೆದುಕೊಳ್ಳುವ ಹೊತ್ತಿನೊಳಗೆ ಈಡಿನ ಅಲೆ ಬಂದು ಹೋಗಿರುತ್ತದೆ.

ಹೀಗೆ ಆಗುವ ನಷ್ಟ ಸಾಮಾನ್ಯವಾಗಿ 3000ದಿಂದ 6000 ಹರ್ಟ್ಸ್‌ನ ತಾರಸ್ಥಾಯಿಯಲ್ಲಿ ಶುರುವಾಗುತ್ತದೆ. ಕನ್ನಡದ ಸ, ಶ, ಚ, ತ ಮುಂತಾದ ವ್ಯಂಜನಗಳ ಗುರುತು ಇರುವುದು ಬಹುಮಟ್ಟಿಗೆ ಈ ಎತ್ತರದ ಸ್ಥಾಯಿಯಲ್ಲೇ. ಸ್ವರಾಕ್ಷರಗಳು ಕೆಳಸ್ಥಾಯಿಯಲ್ಲಿ ಗಟ್ಟಿಯಾಗಿ ಕೇಳುತ್ತಿರುವುದರಿಂದ ‘ನನಗೆ ಕಿವಿ ಕೇಳುತ್ತದೆ, ನೀವೇ ಸರಿಯಾಗಿ ಮಾತಾಡುತ್ತಿಲ್ಲ’ ಎಂದು ವ್ಯಕ್ತಿ ಮನೆಯವರನ್ನೇ ಗದರುವ ಹಂತ ಬರುತ್ತದೆ. ‘ಸರಿ’ಗೂ ‘ತರಿ’ಗೂ ವ್ಯತ್ಯಾಸ ಅಳಿಸಿಹೋಗಿ, ಮದುವೆ ಮನೆಯ ಗಲಾಟೆಯಲ್ಲಿ ಮೊಮ್ಮಗಳ ಮಾತು ಅರ್ಥವಾಗದೆ ಸುಮ್ಮನೆ ತಲೆಯಾಡಿಸುವಂತಾಗುತ್ತದೆ. ಬಲಗೈ ಬಳಸುವವರು ರೈಫಲ್ ಹಿಡಿದಾಗ ಎಡಗಿವಿ ನಳಿಗೆಯ ಬಾಯಿಯ ಕಡೆಗೆ ತಿರುಗಿರುತ್ತದೆ, ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ಕೋವಿ ಬಳಸಿದವರಲ್ಲಿ ಎಡಗಿವಿಗೆ ಹೆಚ್ಚು ಪೆಟ್ಟಾಗಿರುವುದಕ್ಕೆ ಇದೇ ಕಾರಣ. ನನ್ನ ಎಡಗಿವಿಯ ಗುಂಯ್‌ಗುಟ್ಟುವಿಕೆಯ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ.

ಯಾವ ಕೋವಿಗೆ ಎಷ್ಟು ತಡೆ ಬೇಕೆಂಬುದನ್ನು ಈಗ ನೋಡಬಹುದು. 10 ಮೀಟರ್ ಏರ್ ರೈಫಲ್, ಏರ್ ಪಿಸ್ತೂಲುಗಳಲ್ಲಿ ಮದ್ದು ಸಿಡಿಯುವುದೇ ಇಲ್ಲ. ಅವುಗಳ ಸದ್ದು 140ರ ಗಡಿಗಿಂತ ಬಹಳ ಕೆಳಗಿರುತ್ತದೆ. ಅಲ್ಲಿ ಪ್ಲಗ್ ಹಾಕಿಕೊಳ್ಳುವವರು ಹೆಚ್ಚಾಗಿ ಏಕಾಗ್ರತೆಗೆಂದು ಹಾಕಿಕೊಳ್ಳುತ್ತಾರೆ. ಆದರೂ ಮುಚ್ಚಿದ ಹಾಲಿನಲ್ಲಿ ದಿನಕ್ಕೆ ಎರಡು ಮೂರು ಗಂಟೆ ಕಳೆಯುವ ಮಕ್ಕಳಿಗೆ ಸಾಧಾರಣ ಪ್ಲಗ್ ಹಾಕಿಸುವುದರಿಂದ ನಷ್ಟವೇನೂ ಇಲ್ಲ. .22 ರೈಫಲ್ಲಿನ ಸದ್ದು ಹೊಡೆಯುವವರ ಕಿವಿಯ ಬಳಿ 140ರ ಆಸುಪಾಸಿನಲ್ಲಿರುತ್ತದೆ. ಸ್ಪರ್ಧೆಗೆ ಬಳಸುವ ತೋಟಾಗಳ ಗುಂಡು ಶಬ್ದದ ವೇಗಕ್ಕಿಂತ ನಿಧಾನವಾಗಿ ಹೋಗುವುದರಿಂದ ಛಟೀರೆಂಬ ಇನ್ನೊಂದು ಸದ್ದು ಹುಟ್ಟುವುದಿಲ್ಲ, ವೇಗದ ತೋಟಾ ಹಾಕಿದರೆ ಅದೂ ಸೇರಿಕೊಳ್ಳುತ್ತದೆ. ಅದೇ .22 ತೋಟಾವನ್ನು ಪಿಸ್ತೂಲಿನಲ್ಲಿ ಹಾರಿಸಿದರೆ ಸದ್ದು 150ನ್ನು ಮೀರಬಹುದು, ಏಕೆಂದರೆ ನಳಿಗೆ ಗಿಡ್ಡವಾದಷ್ಟೂ ಮದ್ದಿನ ಅನಿಲ ಹೆಚ್ಚಿನ ಒತ್ತಡದಲ್ಲಿ ಹೊರಬೀಳುತ್ತದೆ ಮತ್ತು ನಳಿಗೆಯ ಬಾಯಿ ಕಿವಿಗೆ ಹತ್ತಿರವಾಗುತ್ತದೆ. ‘ಸಣ್ಣ ಪಿಸ್ತೂಲು ತಾನೆ’ ಎಂಬ ಮಾತು ಇಲ್ಲಿ ಪೂರ್ತಿ ತಲೆಕೆಳಗು. 12 ಬೋರ್ ಕೋವಿ 150ರಿಂದ 165ರವರೆಗೆ, 9 ಎಂಎಂ ಪಿಸ್ತೂಲು, .303, 7.62ರಂಥ ದೊಡ್ಡ ರೈಫಲ್‌ಗಳು ಹೆಚ್ಚುಕಡಿಮೆ 155ರಿಂದ 170ರವರೆಗೆ ಹೋಗುತ್ತವೆ.

ಜಾಗದ ಗುಣವೂ ಲೆಕ್ಕಕ್ಕೆ ಬರುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನಾಲ್ಕು ಗೋಡೆಯ ನಡುವೆ, ತಗಡಿನ ಶೀಟಿನ ಕೆಳಗೆ, ಅದೇ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಮತ್ತೆ ಮತ್ತೆ ಕಿವಿಗೆ ಬರುತ್ತದೆ. ಎಂಟು ಹತ್ತು ಜನ ಸಾಲಾಗಿ ನಿಂತಿರುವಲ್ಲಿ ನಿಮ್ಮ ಈಡಿಗಿಂತ ಪಕ್ಕದವರ ಈಡೇ ಹೆಚ್ಚು ತೊಂದರೆ ಕೊಡುವುದುಂಟು, ಅದು ಯಾವಾಗ ಬರುತ್ತದೆಂದು ನಿಮಗೆ ಗೊತ್ತಿರುವುದಿಲ್ಲ. ಹಿಂದೂಡುವಿಕೆಯನ್ನು ತಗ್ಗಿಸಲು ನಳಿಗೆಯ ತುದಿಗೆ ಮಝಲ್ ಬ್ರೇಕ್ ಜೋಡಿಸಿದ್ದರೆ ಅನಿಲ ಪಕ್ಕಕ್ಕೂ ಹಿಂದಕ್ಕೂ ತಿರುಗುವುದರಿಂದ, ಹೊಡೆಯುವವರಿಗೂ ನೆರೆಯವರಿಗೂ ಸದ್ದು ಏರುತ್ತದೆ. ಹಿಂದೆ ಬೆಂಚಿನ ಮೇಲೆ ಕುಳಿತ ತಂದೆ ತಾಯಿಗೂ ತಡೆ ಬೇಕೆಂಬುದನ್ನು ಇದರಿಂದಲೇ ಊಹಿಸಬಹುದು.

ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಕೊಳ್ಳುವಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಎಷ್ಟು ಡೆಸಿಬೆಲ್ ಸದ್ದನ್ನು ತಡೆಯುತ್ತದೆಂದು ಹೇಳುವ, ಪೊಟ್ಟಣದ ಮೇಲಿನ ಅಂಕಿಯ ಕಡೆಗೆ. ಅಮೆರಿಕದ ಪದ್ಧತಿಯ ಅಂಕಿಗೆ ಎನ್‌ಆರ್‌ಆರ್ ಎಂದೂ ಯುರೋಪಿನದಕ್ಕೆ ಎಸ್‌ಎನ್‌ಆರ್ ಎಂದೂ ಹೆಸರು. ನಮ್ಮಲ್ಲಿ ಎರಡೂ ಬಗೆಯವು ಮಾರಾಟವಾಗುತ್ತವೆ. ಲೆಕ್ಕ ಹಾಕುವ ಕ್ರಮ ಬೇರೆಯಾದ್ದರಿಂದ ಒಂದೇ ವಸ್ತುವಿಗೆ ಎಸ್‌ಎನ್‌ಆರ್ ಅಂಕಿ ಸಾಮಾನ್ಯವಾಗಿ ಕೆಲವು ಡೆಸಿಬೆಲ್ ಹೆಚ್ಚಿರುತ್ತದೆ. ಆದ್ದರಿಂದ ಒಂದರ ಎನ್‌ಆರ್‌ಆರ್ ಅನ್ನು ಇನ್ನೊಂದರ ಎಸ್‌ಎನ್‌ಆರ್ ಜೊತೆ ಹೋಲಿಸುವುದು ಸೇರನ್ನು ಕಿಲೋ ಜೊತೆ ಹೋಲಿಸಿದಂತೆ. ಇವೆರಡರಲ್ಲಿ ಒಂದೂ ಇಲ್ಲದೆ ಬರೀ ‘ಹೈ ಪ್ರೊಟೆಕ್ಷನ್’ ಎಂದು ಬರೆದಿರುವ ಮಾಲನ್ನು ಕೆಳಗಿಡುವುದೇ ಮೇಲು.

ಈ ಅಂಕಿ ಪ್ರಯೋಗಾಲಯದ್ದು ಎಂಬುದು ಮುಖ್ಯ. ತರಬೇತಾದವರು ಸರಿಯಾಗಿ ತೊಡಿಸಿದ ಪ್ಲಗ್ಗನ್ನು ಹಾಕಿಕೊಂಡು, ಅಲುಗಾಡದೆ ನಿಶ್ಶಬ್ದ ಕೋಣೆಯಲ್ಲಿ ಕುಳಿತ ಜನರ ಕಿವಿಯಲ್ಲಿ, ಒಂದೇ ಸಮನಾದ ಸದ್ದಿಗೆ ಸಿಕ್ಕ ಫಲಿತಾಂಶ ಅದು. ಬೆವರುತ್ತ, ತಲೆ ಬಾಗಿಸುತ್ತ, ಅವಸರದಲ್ಲಿ ತೊಟ್ಟವರಿಗೆ ಅಷ್ಟು ಸಿಗುವುದಿಲ್ಲ. ಹೀಗಾಗಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಶ್, ಎನ್‌ಆರ್‌ಆರ್ ಅಂಕಿಯಿಂದ ಮಫ್‌ಗೆ ಕಾಲು ಭಾಗ, ಹೊಸೆದು ಹಾಕುವ ಫೋಮ್ ಪ್ಲಗ್ಗಿಗೆ ಅರ್ಧ ಭಾಗ, ಉಳಿದ ಪ್ಲಗ್‌ಗಳಿಗೆ ನೂರಕ್ಕೆ ಎಪ್ಪತ್ತು ಭಾಗವನ್ನು ಕಳೆದು ನೋಡಬೇಕೆಂದು ಹೇಳಿತ್ತು. ಇದು ತೀರ ಕಟುವೆನಿಸಬಹುದು. ಆದರೆ 32 ಎಂದು ಬರೆದಿರುವ ಪ್ಲಗ್ ಚೆನ್ನಾಗಿ ಕೂತವರ ಕಿವಿಯಲ್ಲಿ 30ರ ಹತ್ತಿರವೂ, ಅರ್ಧ ಹೊರಗಿಣುಕುತ್ತಿರುವವರ ಕಿವಿಯಲ್ಲಿ 10ರ ಕೆಳಗೂ ಕೆಲಸ ಮಾಡಬಲ್ಲದು. ಇಬ್ಬರೂ ಕೊಂಡದ್ದು ಒಂದೇ ಪೊಟ್ಟಣದಿಂದ. 28ರ ಬದಲು 32ರದ್ದನ್ನು ಹುಡುಕುವುದಕ್ಕೆ ಕಳೆಯುವ ಹೊತ್ತನ್ನು ಅದನ್ನು ತೊಡುವ ಕ್ರಮ ಕಲಿಯಲು ಕಳೆದರೆ ಲಾಭ ಹೆಚ್ಚೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಸರಿಯಾಗಿ ಕೂರದ ಪ್ಲಗ್ಗಿನ ಬಗ್ಗೆ ಒಂದು ದೊಡ್ಡ ವ್ಯಾಜ್ಯವೇ ನಡೆದಿದೆ. ಅಮೆರಿಕದ ಸೈನಿಕರು ಬಳಸಿದ್ದ ಎರಡು ತುದಿಯ ಒಂದು ಇಯರ್ ಪ್ಲಗ್ ಗಿಡ್ಡವಾಗಿದ್ದು, ತೊಟ್ಟವರಿಗೆ ಗೊತ್ತಾಗದಂತೆ ಕಿವಿಯಲ್ಲಿ ಸಡಿಲವಾಗುತ್ತಿತ್ತು ಎಂಬ ಆರೋಪದ ಮೇಲೆ ಲಕ್ಷಾಂತರ ಮಂದಿ ಮೊಕದ್ದಮೆ ಹೂಡಿದರು. ತಯಾರಕರಾದ ತ್ರೀ ಎಂ ಕಂಪನಿಯವರು ತಪ್ಪನ್ನು ಒಪ್ಪಿಕೊಳ್ಳದೆಯೇ, 2023ರಲ್ಲಿ ಸುಮಾರು 600 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಳ್ಳಲು ಮುಂದಾದರು.

ಫೋಮ್ ಪ್ಲಗ್ ತೊಡುವುದಕ್ಕೆ ಮೊದಲು ಕೈ ತೊಳೆದಿರಬೇಕು, ತೋಟಾ ಮುಟ್ಟುವ ಮುಂಚೆಯೇ ಇದನ್ನು ಮುಗಿಸಬೇಕು, ಏಕೆಂದರೆ ತೋಟಾ ಮುಟ್ಟಿದ ಬೆರಳಿಗೆ ಸೀಸದ ಪುಡಿ ಅಂಟಿರುತ್ತದೆ. ಪ್ಲಗ್ಗನ್ನು ದೀಪದ ಬತ್ತಿ ಹೊಸೆದಂತೆ ಬೆರಳುಗಳ ನಡುವೆ ಸುಕ್ಕಿಲ್ಲದ ಹಾಗೆ ಹೊಸೆದು ತೆಳ್ಳಗೆ ಮಾಡಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿನಿಂದ ತಂದು ಕಿವಿಯ ಮೇಲಂಚನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಕಿವಿಯ ಡೊಂಕು ನಾಳ ನೆಟ್ಟಗಾಗುತ್ತದೆ. ಆಗ ಪ್ಲಗ್ಗನ್ನು ಒಳಸೇರಿಸಿ, ಅದು ಉಬ್ಬಿ ನಾಳವನ್ನು ತುಂಬುವವರೆಗೆ, ಅಂದರೆ ಇಪ್ಪತ್ತು ಮೂವತ್ತು ಸೆಕೆಂಡು, ಬೆರಳ ತುದಿಯಿಂದ ಒತ್ತಿ ಹಿಡಿಯಬೇಕು. ಬಹುತೇಕ ಜನ ತಪ್ಪುವುದು ಈ ಕೊನೆಯ ಹೆಜ್ಜೆಯಲ್ಲಿ. ಒತ್ತಿ ಹಿಡಿಯದಿದ್ದರೆ ಉಬ್ಬುತ್ತಿರುವ ಪ್ಲಗ್ ತನ್ನನ್ನು ತಾನೇ ಹೊರಗೆ ತಳ್ಳಿಕೊಳ್ಳುತ್ತದೆ. ಸರಿಯಾಗಿ ಕೂತಿದ್ದರೆ ಎದುರಿನಿಂದ ನೋಡಿದವರಿಗೆ ಪ್ಲಗ್ ಕಾಣುವುದಿಲ್ಲ, ನಿಮ್ಮ ಮಾತು ನಿಮಗೆ ಹಂಡೆಯೊಳಗೆ ಬಾಯಿಟ್ಟು ಮಾತಾಡಿದಂತೆ ಕೇಳುತ್ತದೆ. ಇನ್ನೊಂದು ಪರೀಕ್ಷೆಯಿದೆ: ಎರಡೂ ಅಂಗೈಗಳನ್ನು ಕಿವಿಯ ಮೇಲೆ ಬಿಗಿಯಾಗಿ ಮುಚ್ಚಿ ತೆಗೆದಾಗ ಸುತ್ತಲಿನ ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾದರೆ, ಪ್ಲಗ್ ಕೂತಿಲ್ಲವೆಂದೇ ತಿಳಿಯಬೇಕು.

ಹೊಸೆಯುವ ಅಗತ್ಯವಿಲ್ಲದ, ಮೂರು ಮಡಿಕೆಯ ಅಂಚಿರುವ ರಬ್ಬರಿನಂಥ ಪ್ಲಗ್‌ಗಳನ್ನು ತೊಳೆದು ತೊಳೆದು ಬಳಸಬಹುದು. ಕಿವಿಯ ಅಳತೆಗೆ ಸರಿಯಾದ ಗಾತ್ರ ಸಿಕ್ಕರೆ ಅವೂ ಒಳ್ಳೆಯವೇ. ಹೆಂಗಸರಿಗೂ ಹದಿಹರೆಯದವರಿಗೂ ಸಾಮಾನ್ಯ ಗಾತ್ರದ ಪ್ಲಗ್ ದಪ್ಪವಾಗುವುದುಂಟು, ಒಬ್ಬರದೇ ಎರಡು ಕಿವಿಗಳ ಅಳತೆ ಬೇರೆಯಾಗಿರುವುದೂ ಉಂಟು. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ತುಂಬಿದ್ದರೆ, ಕಿವಿ ಸೋರುತ್ತಿದ್ದರೆ, ಪ್ಲಗ್ ಹಾಕುವ ಮುನ್ನ ವೈದ್ಯರಿಗೆ ತೋರಿಸಬೇಕು. ಅಚ್ಚು ತೆಗೆಸಿ ಮಾಡಿಸಿಕೊಳ್ಳುವ ಪ್ಲಗ್ ದುಬಾರಿಯಾದರೂ, ವಾರಕ್ಕೆ ಹಲವು ದಿನ ಅಭ್ಯಾಸ ಮಾಡುವವರಿಗೆ ಅದರ ನೆಮ್ಮದಿಯೇ ಬೇರೆ.

ಇಯರ್ ಮಫ್‌ನ ಅನುಕೂಲವೆಂದರೆ ತೊಡುವಾಗ ತಪ್ಪುವ ಸಂಭವ ಕಡಿಮೆ, ತೆಗೆಯುವುದು ಹಾಕುವುದು ಸುಲಭ, ಹಾಕಿದ್ದಾರೋ ಇಲ್ಲವೋ ಎಂಬುದು ದೂರದಿಂದಲೇ ಮೇಲ್ವಿಚಾರಕರಿಗೆ ಕಾಣುತ್ತದೆ. ಆದರೆ ಮಫ್‌ನ ಬಲವೆಲ್ಲ ಅದರ ಮೆತ್ತೆ ಚರ್ಮಕ್ಕೆ ಸುತ್ತಲೂ ಒತ್ತಿ ಕೂರುವುದರಲ್ಲಿದೆ, ಸಂದು ಬಿಟ್ಟ ಕಡೆ ಸದ್ದು ನುಗ್ಗುತ್ತದೆ. ಗುರಿ ಅಭ್ಯಾಸದಲ್ಲಿ ಕಣ್ಣಿಗೆ ಕನ್ನಡಕ ಇರಲೇಬೇಕು. ದಪ್ಪ ಕಡ್ಡಿಯ ಕನ್ನಡಕ ಮೆತ್ತೆಯನ್ನು ಎತ್ತಿಹಿಡಿದು ಹಲವು ಡೆಸಿಬೆಲ್ ತಡೆಯನ್ನು ನುಂಗಿಹಾಕುತ್ತದೆ. ಟೋಪಿಯ ಅಂಚು, ಕಿವಿಯ ಮೇಲೆ ಬರುವ ಜಡೆ, ಜುಮುಕಿ, ಮಾಟಿ, ದೊಡ್ಡ ಓಲೆ, ಇವೂ ಅದೇ ಕೆಲಸ ಮಾಡುತ್ತವೆ. ಓಲೆ ತೆಗೆದಿಟ್ಟು ತೆಳುಕಡ್ಡಿಯ ಕನ್ನಡಕ ಹಾಕಿಕೊಂಡರೆ ಪುಕ್ಕಟೆಯಾಗಿ ಸಿಗುವ ತಡೆಯನ್ನು, ಹೆಚ್ಚು ಬೆಲೆಯ ಮಫ್ ಕೊಂಡು ಪಡೆಯಲು ಹೊರಡುವುದು ಜಾಣತನವಲ್ಲ. ಬೇಸಿಗೆಯಲ್ಲಿ ಮಂಡ್ಯದ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಫ್ ಬಿಟ್ಟರೆ ಮೆತ್ತೆ ಗಟ್ಟಿಯಾಗಿ ಬಿರಿಯುತ್ತದೆ; ಬದಲಿ ಮೆತ್ತೆ ಸಿಗುವಂಥ ಮಾದರಿಯನ್ನೇ ಕೊಳ್ಳುವುದು ಒಳಿತು.

ರೈಫಲ್ ಮತ್ತು 12 ಬೋರ್ ಬಳಸುವವರಿಗೆ ಇನ್ನೊಂದು ತೊಡಕಿದೆ. ಕೆನ್ನೆಯನ್ನು ಹಿಡಿಕೆಯ ಮರಕ್ಕೆ ಆನಿಸಿದಾಗ ಮಫ್‌ನ ದಪ್ಪ ಬಟ್ಟಲು ಮರಕ್ಕೆ ತಾಗಿ ಮೇಲೇಳುತ್ತದೆ, ಅದೂ ಸರಿಯಾಗಿ ಗುಂಡು ಹಾರುವ ಕ್ಷಣದಲ್ಲಿ. ಇದನ್ನು ತಪ್ಪಿಸಲು ತೆಳು ಬಟ್ಟಲಿನ ಮಫ್‌ಗಳಿವೆ. ತೆಳುವಾದಷ್ಟೂ ಅವುಗಳ ತಡೆ ಕಡಿಮೆ. ಹೀಗಾಗಿ ಪಿಸ್ತೂಲಿನವರು ಮಫ್ ಅನ್ನು ನೆಚ್ಚಿಕೊಂಡರೂ, ರೈಫಲ್ಲಿನವರು ಮೊದಲು ಪ್ಲಗ್ಗನ್ನು ನೆಚ್ಚುವುದು ಕ್ಷೇಮ.

ಎಲೆಕ್ಟ್ರಾನಿಕ್ ಮಫ್ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಈಡಿನ ಸದ್ದು ಬಂದ ಕೂಡಲೇ ಅದು ಮುಚ್ಚಿಕೊಳ್ಳುತ್ತದೆಂದು ಜನ ಹೇಳುತ್ತಾರೆ. ವಾಸ್ತವದಲ್ಲಿ ಬಟ್ಟಲು ಸದಾ ಮುಚ್ಚಿಯೇ ಇರುತ್ತದೆ. ಹೊರಗಿನ ಮೈಕ್ ಸುತ್ತಲಿನ ಮಾತನ್ನು ಹಿಡಿದು ಒಳಗಿನ ಪುಟ್ಟ ಸ್ಪೀಕರಿಗೆ ಕೊಡುತ್ತದೆ, ಸದ್ದು ಒಂದು ಮಟ್ಟ ದಾಟಿದರೆ ಸ್ಪೀಕರ್ ದನಿ ಇಳಿಸುತ್ತದೆ. ಮುಚ್ಚಿದ ಬಾಗಿಲ ಹೊರಗೆ ನಿಂತವರ ಮಾತನ್ನು ಒಳಗಿನ ಕಾವಲುಗಾರ ಒಪ್ಪಿಸುತ್ತಿದ್ದು, ಹೊರಗೆ ಗದ್ದಲವಾದಾಗ ಸುಮ್ಮನಾದಂತೆ ಅದು. ಬಾಗಿಲಿನ ದಪ್ಪ ಇದರಿಂದ ಹೆಚ್ಚುವುದಿಲ್ಲ. ಹಾಗಾಗಿ ಇವನ್ನು ಕೊಳ್ಳುವಾಗಲೂ ಮೊದಲು ನೋಡಬೇಕಾದದ್ದು ಬ್ಯಾಟರಿ ಇಲ್ಲದೆಯೂ ಬಟ್ಟಲು ಎಷ್ಟು ತಡೆಯುತ್ತದೆ ಎಂಬುದನ್ನೇ. ಆದೇಶಗಳು ಸ್ಪಷ್ಟವಾಗಿ ಕೇಳುವುದು ಇದರ ನಿಜವಾದ ಪ್ರಯೋಜನ. ಸಾಧಾರಣ ಮಫ್ ಹಾಕಿದವರು ‘ಏನಂದ್ರಿ?’ ಎಂದು ಒಂದು ಕಿವಿಯ ಬಟ್ಟಲನ್ನು ಎತ್ತುವುದು, ಅದೇ ಗಳಿಗೆಯಲ್ಲಿ ಪಕ್ಕದವರು ಈಡು ಹೊಡೆಯುವುದು ಮೈದಾನಗಳಲ್ಲಿ ದಿನನಿತ್ಯದ ದೃಶ್ಯ. ಕಲಿಸುವವರಿಗೂ ಮೇಲ್ವಿಚಾರಕರಿಗೂ ಎಲೆಕ್ಟ್ರಾನಿಕ್ ಮಫ್ ಯೋಗ್ಯವೆನ್ನುವುದು ಇದಕ್ಕಾಗಿ. ಸ್ಪರ್ಧೆಯ ಹಾದಿಯಲ್ಲಿರುವವರು ಒಂದನ್ನು ಗಮನಿಸಬೇಕು: ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮದಂತೆ, ಧ್ವನಿ ಸ್ವೀಕರಿಸುವ ಸಾಧನ ಅಳವಡಿಸಿದ ಕಿವಿ ರಕ್ಷಣೆಗೆ ಸ್ಪರ್ಧಿಗಳಿಗೆ ಅವಕಾಶವಿಲ್ಲ. ಹಾಡು ಕೇಳಲು ಬಳಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಅನ್ನು ಇಲ್ಲಿಗೆ ತರಲೇಬಾರದು. ಬಸ್ಸಿನ ಗುಂಯ್‌ಗುಡುವಿಕೆಯನ್ನು ತಗ್ಗಿಸುವ ಅದರ ಉಪಾಯ ಮಿಂಚಿನಂತೆ ಬಂದುಹೋಗುವ ಈಡಿನ ಮುಂದೆ ನಡೆಯದು.

ಪ್ಲಗ್ ಮೇಲೆ ಮಫ್ ಹಾಕುವುದನ್ನು ಹೆದರಿಕೆಯವರ ಲಕ್ಷಣವೆಂದು ನಗುವವರಿದ್ದಾರೆ. ಲೆಕ್ಕ ಮಾತ್ರ ನಗುವಂಥದ್ದಲ್ಲ. 160 ಡೆಸಿಬೆಲ್ಲಿನ ಈಡಿಗೆ 25 ಎನ್‌ಆರ್‌ಆರ್‌ನ ಮಫ್ ಒಂದನ್ನೇ ತೊಟ್ಟರೆ, ಕಾಲು ಭಾಗ ಕಳೆದು ಉಳಿಯುವ ತಡೆ ಸುಮಾರು 19, ಕಿವಿಗೆ ತಲುಪುವುದು 141. 32ರ ಫೋಮ್ ಪ್ಲಗ್ಗನ್ನು ಅರೆಬರೆಯಾಗಿ ತೊಟ್ಟರೆ ತಡೆ 16, ತಲುಪುವುದು 144. ಎರಡೂ 140ರ ಗಡಿಯಾಚೆಗಿವೆ. ಎರಡನ್ನೂ ಒಟ್ಟಿಗೆ ತೊಟ್ಟಾಗ 32ಕ್ಕೆ 25 ಕೂಡಿ 57 ಆಗುವುದಿಲ್ಲ, ದೊಡ್ಡ ಅಂಕಿಗೆ 5 ಸೇರಿಸಿ 37 ಎಂದು ಎಣಿಸುವುದು ವಾಡಿಕೆ. ಕಿವಿಯ ದಾರಿಯನ್ನು ಎಷ್ಟೇ ಮುಚ್ಚಿದರೂ ತಲೆಬುರುಡೆಯ ಮೂಳೆಯ ಮೂಲಕ ಸದ್ದು ಒಳಗಿವಿಗೆ ಹೋಗುವುದರಿಂದ, 40ರಿಂದ 50 ಡೆಸಿಬೆಲ್ಲಿಗಿಂತ ಹೆಚ್ಚಿನ ತಡೆ ಯಾವ ಸಲಕರಣೆಗೂ ಅಸಾಧ್ಯ. ಆ 37ರಲ್ಲೂ ಕಾಲು ಭಾಗ ಕಳೆದರೆ 28 ಉಳಿದು, ಕಿವಿಗೆ 132ರಷ್ಟು ತಲುಪುತ್ತದೆ. ಇದು ಅಂದಾಜಿನ ಲೆಕ್ಕ, ಏಕೆಂದರೆ ಎನ್‌ಆರ್‌ಆರ್ ಒಂದೇ ಸಮನಾದ ಸದ್ದಿಗೆ ಅಳೆದದ್ದು. ಈಡಿನಂಥ ಸದ್ದಿಗೆಂದೇ ಬೇರೆ ಪರೀಕ್ಷೆಯಿದ್ದು, ಕೆಲವು ತಯಾರಕರು ಆ ಫಲಿತಾಂಶವನ್ನೂ ಪ್ರಕಟಿಸುತ್ತಾರೆ. ಗಡಿಗೂ ಕಿವಿಗೂ ನಡುವೆ ಸ್ವಲ್ಪ ಜಾಗ ಉಳಿಸಿಕೊಳ್ಳುವುದಕ್ಕಂತೂ ಈ ಅಂದಾಜು ಸಾಕು. ನನ್ನ ಅಭಿಪ್ರಾಯದಲ್ಲಿ, ಬಯಲಿನಲ್ಲಿ .22 ರೈಫಲ್ಲಿಗೆ ಚೆನ್ನಾಗಿ ಕೂತ ಒಂದು ತಡೆ ಸಾಕಾದೀತು; 12 ಬೋರ್, 9 ಎಂಎಂ, .303ರಂಥವುಗಳಿಗೆ ಎಲ್ಲಿಯೇ ಆಗಲಿ, ಮುಚ್ಚಿದ ಜಾಗದಲ್ಲಿ ಮದ್ದಿನ ಯಾವ ಕೋವಿಗೇ ಆಗಲಿ, ಎರಡೂ ಬೇಕು. ಕಡಿಮೆ ಬೆಲೆಯ ಫೋಮ್ ಪ್ಲಗ್ಗಿನ ಮೇಲೆ ಎಲೆಕ್ಟ್ರಾನಿಕ್ ಮಫ್ ತೊಟ್ಟು ಅದರ ದನಿಯನ್ನು ಸ್ವಲ್ಪ ಏರಿಸಿಕೊಂಡರೆ, ತಡೆಯೂ ಸಿಗುತ್ತದೆ, ಮಾತೂ ಕೇಳುತ್ತದೆ.

ಗರ್ಭಿಣಿಯರ ವಿಷಯದಲ್ಲಿ ಮಾತ್ರ ಯಾವ ಆಯ್ಕೆಯೂ ಇಲ್ಲ. ತಾಯಿಯ ಕಿವಿಯ ಮಫ್ ಹೊಟ್ಟೆಯೊಳಗಿನ ಮಗುವನ್ನು ಕಾಯುವುದಿಲ್ಲ, ಸೀಸದ ಹೊಗೆಯ ಅಪಾಯವೂ ಇರುತ್ತದೆ, ಆದ್ದರಿಂದ ದೂರವಿರುವುದೇ ಸರಿ. ಈಡಿನ ನಂತರ ಕಿವಿ ಗುಂಯ್‌ಗುಡುವುದು ಅಥವಾ ಮಂದವಾಗುವುದು ಮರುದಿನವೂ ಇಳಿಯದಿದ್ದರೆ, ‘ತಾನಾಗೇ ಸರಿಹೋಗುತ್ತೆ’ ಎಂದು ವಾರ ಕಳೆಯದೆ ಕಿವಿ ವೈದ್ಯರನ್ನು ಕಾಣಬೇಕು, ಚಿಕಿತ್ಸೆಯಿಂದ ಏನಾದರೂ ಫಲವಿರುವುದು ಮೊದಲ ದಿನಗಳಲ್ಲೇ.

ಕಿವಿಯ ವಿಷಯದಲ್ಲಿ ಮೈಸೂರಿನವರಿಗೆ ದೇಶದ ಬಹುತೇಕರಿಗಿಲ್ಲದ ಒಂದು ಅನುಕೂಲವಿದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಮಂಡ್ಯದಿಂದ ಬೆಳಗಿನ ಬಸ್ಸಿಗೆ ಹೊರಟರೂ ಪರೀಕ್ಷೆ ಮುಗಿಸಿಕೊಂಡು ಸಂಜೆಯೊಳಗೆ ಊರು ಸೇರಬಹುದು. ಗುರಿ ಅಭ್ಯಾಸ ಶುರುಮಾಡುವ ಮೊದಲೇ ಒಂದು ಸಲ, ಯಾವ ಸ್ಥಾಯಿಯ ಸದ್ದು ಕಿವಿಗೆ ಎಷ್ಟು ಕೇಳುತ್ತದೆಂಬುದನ್ನು ಗೆರೆಯಾಗಿ ತೋರಿಸುವ ಆಡಿಯೋಗ್ರಾಂ ಮಾಡಿಸಿ ಆ ಕಾಗದವನ್ನು ಲೈಸೆನ್ಸಿನ ಜೊತೆಗೇ ಇಟ್ಟುಕೊಂಡರೆ, ಮುಂದಿನ ವರ್ಷದ ಗೆರೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು. 4000, 6000 ಹರ್ಟ್ಸ್‌ನ ಬಳಿ ಗೆರೆ ಹೊಂಡದಂತೆ ಕೆಳಗಿಳಿದಿದ್ದರೆ, ಅದರಲ್ಲೂ ಎಡಗಿವಿಯಲ್ಲಿ ಇಳಿದಿದ್ದರೆ, ತೊಡುವ ಕ್ರಮದಲ್ಲಿ ಏನೋ ತಪ್ಪಿದೆ ಎಂದರ್ಥ. ಪರೀಕ್ಷೆಗೆ ಹೋಗುವ ಹಿಂದಿನ ದಿನ ಈಡು ಹೊಡೆಯಬಾರದು. ತಾತ್ಕಾಲಿಕವಾಗಿ ಮಲಗಿದ ಪೈರನ್ನೂ ಮುರಿದದ್ದೆಂದು ಎಣಿಸಿಬಿಡುವ ಸಂಭವವಿರುತ್ತದೆ.